ಬಲೂಚ್ ಬಾಬಾ ಕೊಟ್ಟ ಅಹವಾಲು

ನಾವಾಗ ಕಾಶಿಯಲ್ಲಿದ್ದೆವು. ಕಾಶಿಯಲ್ಲಿ ಬೆಳೆದವಳು ಅಂದಕೂಡಲೇ ಊರ ಕಡೆಯ ಮುದುಕಿಯರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ. "ಪುಣ್ಯ ಮಾಡಿದ್ದಿ ಬಿಡ ಮಗಳ" ಅನ್ನುತ್ತಾರೆ. ನನಗೆ ನೆನಪಾಗುವುದು ಪುಣ್ಯವಲ್ಲ. ಹನುಮಾನ್ ಘಾಟಿನ ಗಲ್ಲಿಯಲ್ಲಿದ್ದ ನಮ್ಮ ಒಂದೇ ಕೋಣೆ, ಅದರ ಗೋಡೆಯ ತೇವ, ಚಾಚಿದ ಕೈ ಕಾಣದಂಥ ಚಳಿಗಾಲದ ಮಂಜು, ಅಪ್ಪನ ಅಂಗಿಯಿಂದ ಬರುತ್ತಿದ್ದ ಒಗ್ಗರಣೆಯ ವಾಸನೆ.

ಅಪ್ಪ ಮಠದ ಅಡುಗೆಯವನು. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಿಂದ ಸ್ವಾಮಿಗಳ ಹಿಂದೆ ಹೊರಟು ಬಂದವನು ಅಲ್ಲೇ ನಿಂತ. ಊರ ಕಡೆಯಿಂದ ಮಣಿಕರ್ಣಿಕಾ ಘಾಟಿಗೆ ಹಿರಿಯರ ಕಾರ್ಯಕ್ಕೆಂದು ಬಂದವರು ಮಠದಲ್ಲಿ ಇಳಿದುಕೊಳ್ಳುತ್ತಿದ್ದರು. ಅತ್ತು ಬಂದವರಿಗೆ ಬಿಸಿ ರೊಟ್ಟಿ ಬಡಿದು ಹಾಕುವುದು ಅಪ್ಪನ ಕೆಲಸ. ಅವನಿಗೆ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಅವ್ವನಿಗೆ ಅದೂ ಇಲ್ಲ. ಇದನ್ನು ಮುಚ್ಚಿಡುವ ಕಾರಣ ನನಗಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಅದೂ ಇತಿಹಾಸದಲ್ಲಿ. ಎರಡು ಮನೆಯ ಮಕ್ಕಳಿಗೆ ಪಾಠ ಹೇಳಿ, ಒಂದೇ ಜೊತೆ ಚಪ್ಪಲಿಯಲ್ಲಿ ಮೂರು ವರ್ಷ ಕಾಲೇಜಿಗೆ ನಡೆದು ತಗೊಂಡ ಡಿಗ್ರಿ. ಓದಿದ ಯಾವ ಪುಸ್ತಕದಲ್ಲೂ ಈಗ ಹೇಳಹೊರಟಿರುವ ಜನರ ಬಗ್ಗೆ ಒಂದು ಸಾಲು ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭೇಲೂಪುರದ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ಹೊರಳಿದರೆ ಒಂದು ಹಳೆಯ ಇಟ್ಟಿಗೆ ಗೋಡೆ, ಅದರೊಳಗೊಂದು ಬಯಲು. ಜನ ಅದನ್ನು ಘೋಡಾ ಅಹಾತಾ ಅನ್ನುತ್ತಿದ್ದರು, ಕುದುರೆಗಳ ಆವರಣ ಅಂತ. ಹಿಂದೊಮ್ಮೆ ಯಾರೋ ಜಮೀನ್ದಾರರ ಲಾಯವಾಗಿತ್ತಂತೆ. ಜಮೀನ್ದಾರಿಕೆ ಹೋಯಿತು, ಕುದುರೆಗಳು ಹೋದವು, ಕುದುರೆ ತಂದವರು ಉಳಿದಿದ್ದರು. ಕುದುರೆ ಕಟ್ಟುತ್ತಿದ್ದ ಒಂದೊಂದು ಕಮಾನಿಗೂ ಒಂದೊಂದು ಗೋಣಿ ಪರದೆ, ಒಳಗೊಂದು ಸಂಸಾರ. ಅವರು ಬಲೂಚರು. ಗಂಡಸರು ಸಾಣೆಕಲ್ಲು ಹೊತ್ತು ಮನೆಮನೆಗೆ ಹೋಗಿ ಚಾಕು ಮಸೆಯುತ್ತಿದ್ದರು, ಘಾಟಿನ ಮೆಟ್ಟಿಲ ಮೇಲೆ ಕನ್ನಡಕ, ಉಂಗುರದ ಹರಳು ಹರವಿಕೊಂಡು ಕೂಡುತ್ತಿದ್ದರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ಚಳಿಗಾಲ. ಮಠದ ಈಳಿಗೆ, ಚಾಕುಗಳನ್ನೆಲ್ಲ ಗೋಣಿಯಲ್ಲಿ ಸುತ್ತಿಕೊಂಡು ಅಪ್ಪ ಹೊರಟ. ನನಗೆ ಶಾಲೆ ಇರಲಿಲ್ಲ, ಚಳಿಗೆಂದು ರಜೆ ಕೊಟ್ಟಿದ್ದರು. ನಾನೂ ಬೆನ್ನು ಹತ್ತಿದೆ.

ಅಹಾತೆಯ ನಡುವೆ ಬೆಂಕಿ ಉರಿಯುತ್ತಿತ್ತು. ಅದರ ಪಕ್ಕ ಚಾರಪಾಯಿ ಎಂಬ ಹಗ್ಗದ ಮಂಚದ ಮೇಲೆ, ಕಂದು ಶಾಲು ಹೊದ್ದು, ಉದ್ದ ಮೂಗಿನ, ಬಿಳಿ ಗಡ್ಡದ ಮುದುಕರೊಬ್ಬರು ಕೂತಿದ್ದರು. ಮೀರ್‌ದಾದ್ ಬಾಬಾ, ಆ ಜನರಿಗೆಲ್ಲ ಹಿರಿಯರು. ಅಪ್ಪ ಗೋಣಿ ಬಿಚ್ಚಹೋದ. ಬಾಬಾ ಕೈ ಎತ್ತಿ ತಡೆದರು. ಒಬ್ಬ ಹುಡುಗಿ ಲೋಟದಲ್ಲಿ ನೀರು ತಂದಳು. ಅಪ್ಪ ಕುಡಿದ.

"ಈಗ ಅಹವಾಲು ಕೊಡು" ಅಂದರು ಬಾಬಾ. ಅವರ ಮಾತು ಹಿಂದಿ. ನಾನಿಲ್ಲಿ ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.

"ಏನಿಲ್ಲ ಬಾಬಾ, ಚಾಕು ಮಸೆದು ಕೊಟ್ಟರೆ ಸಾಕು."

"ಅದು ಕೆಲಸ, ಆಮೇಲೆ. ಮನೆಯಿಂದ ಹೊರಟಾಗಿನಿಂದ ಹೇಳು. ದಾರಿಯಲ್ಲಿ ಏನು ಕಂಡೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರು ಹುಟ್ಟಿದರು, ಯಾರು ಸತ್ತರು."

ಅದು ಅವರ ಪದ್ಧತಿ. ಬಂದವರಿಗೆ ನೀರು ಕೊಟ್ಟ ಮೇಲೆ ಇದ್ದವರಲ್ಲಿ ಹಿರಿಯರು ಅಹವಾಲು ಕೇಳಬೇಕು. ಬಂದವರು ಕಂಡದ್ದನ್ನು, ಕೇಳಿದ್ದನ್ನು ಬಿಡದೆ ಹೇಳಬೇಕು. ಅದು ಮುಗಿದ ಮೇಲೆ ಮನೆಯವರು ತಮ್ಮದನ್ನು ಕೊಡಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮುಚ್ಚಿಡುವಂತಿಲ್ಲ, ಕೂಡಿಸಿ ಹೇಳುವಂತಿಲ್ಲ. ಮರುಭೂಮಿಯಲ್ಲಿ ಒಂಟೆ ಹೊಡೆದುಕೊಂಡು ಹೋಗುವವರಿಗೆ ಎಲ್ಲಿ ನೀರು ಬತ್ತಿದೆ, ಎಲ್ಲಿ ಕಳ್ಳರಿದ್ದಾರೆ ಅಂತ ತಿಳಿಯುತ್ತಿದ್ದದ್ದು ಎದುರು ಬಂದವನ ಬಾಯಿಂದಲೇ. ಅವನು ಸುಳ್ಳು ಹೇಳಿದರೆ ಇವನು ಸಾಯುತ್ತಾನೆ. ಮರುಭೂಮಿ ಹಿಂದೆ ಬಿದ್ದು ತಲೆಮಾರುಗಳಾಗಿದ್ದರೂ ಪದ್ಧತಿ ಬಿಟ್ಟಿರಲಿಲ್ಲ.

ಅಪ್ಪ ತಡವರಿಸುತ್ತ ಹೇಳಿದ. ಅವ್ವನ ಕೆಮ್ಮು, ಮಠಕ್ಕೆ ಬಂದಿದ್ದ ಕಲಬುರಗಿಯ ವಿಧವೆ, ಗಲ್ಲಿಯ ಬಾಯಲ್ಲಿ ಮಂಜಿಗೆ ಡಿಕ್ಕಿ ಹೊಡೆದುಕೊಂಡ ಎರಡು ರಿಕ್ಷಾ. ಹೇಳುತ್ತ ಹೇಳುತ್ತ ಅವನ ಮುಖ ಸಡಿಲವಾಯಿತು. ಆ ಊರಿಗೆ ಬಂದಾಗಿನಿಂದ ಅಪ್ಪನನ್ನು ಕೂಡಿಸಿ, ನೀನು ಹೇಳು ಅಂತ ಯಾರೂ ಕೇಳಿರಲಿಲ್ಲ. ಅಡುಗೆಯವನನ್ನು ಉಪ್ಪು ಹೆಚ್ಚಾದಾಗ ಮಾತ್ರ ಮಾತಾಡಿಸುತ್ತಾರೆ.

ನೀರು ತಂದ ಹುಡುಗಿ ಬಾಬಾನ ಮೊಮ್ಮಗಳು, ಮಾಹನಾಜ್. ನನಗಿಂತ ಸ್ವಲ್ಪ ದೊಡ್ಡವಳು, ಚುಚ್ಚಿಸಿದ ಮೂಗಿನಲ್ಲಿ ಬೇವಿನ ಕಡ್ಡಿ, ನಾಲಗೆಯ ತುದಿಯಲ್ಲಿ ಯಾವಾಗಲೂ ಒಂದು ಕುಟುಕು. ಮರುದಿನ ನಾನೊಬ್ಬಳೇ ಹೋದಾಗ ಬಾಗಿಲಲ್ಲೇ ತಡೆದಳು.

"ಅಹವಾಲು?"

"ಮನೆಯಿಂದ ಹೊರಟೆ, ಬಂದೆ."

"ಕತ್ತೆನೂ ಹಾಗೇ ಬರುತ್ತೆ. ಬಾಬಾ, ಕತ್ತೆ ಬಂದಿದೆ ನೋಡು."

ಬಾಬಾ ನಗಲಿಲ್ಲ. "ಗಲ್ಲಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದೆಯಾ ಬೇಟಿ? ಹೊರಗೆ ಹೋಗು, ಮತ್ತೆ ಬಾ" ಅಂದರು.

ಹಾಗೆ ಕಲಿತೆ. ಬೆಳ್ಳಂಬೆಳಗ್ಗೆ ಹಾಲಿನ ನೊರೆ ಮಾರುವವನ ಮಡಕೆಯ ಮೇಲೆ ಎಷ್ಟು ಕೇಸರಿ ಇತ್ತು, ಯಾವ ಮನೆಯ ಮುಂದೆ ಹೊಸ ಬಿದಿರು ಕಟ್ಟುತ್ತಿದ್ದರು, ಶವಕ್ಕೋ ಚಪ್ಪರಕ್ಕೋ, ಎಲ್ಲವನ್ನೂ ನೋಡಿಕೊಂಡು ಹೋಗುತ್ತಿದ್ದೆ. ಮುಂದೆ ಪರೀಕ್ಷೆಗಳಲ್ಲಿ ಒಂದರ ಹಿಂದೆ ಒಂದು ಜೋಡಿಸಿ ಬರೆಯುವುದು ನನಗೆ ಬಂದಿದ್ದರೆ ಅದು ಯಾವ ಮೇಷ್ಟರ ಕೊಡುಗೆಯೂ ಅಲ್ಲ.

ಅಲ್ಲಿ ರೊಟ್ಟಿ ಬೇರೆ ತರದ್ದು. ನದಿಯ ಗುಂಡುಕಲ್ಲನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದರ ಸುತ್ತ ಗೋಧಿಹಿಟ್ಟಿನ ಕಣಕ ಮೆತ್ತಿ, ಕೆಂಡದ ಪಕ್ಕ ಹೊರಳಿಸುತ್ತಿದ್ದರು. ಒಳಗಿಂದ ಕಲ್ಲು, ಹೊರಗಿಂದ ಕೆಂಡ, ಎರಡೂ ಕಡೆ ಬೇಯುತ್ತಿತ್ತು. ಒಡೆದರೆ ಹಬೆ. ಹುರಿದ ಹಸಿ ಬಟಾಣಿಯ ಜೊತೆ ತಿನ್ನುತ್ತಿದ್ದೆವು. "ಅಲ್ಲೇನೂ ಬಾಯಾಗ ಹಾಕ್ಕೋಬ್ಯಾಡ" ಅಂತ ಅವ್ವನ ಕಟ್ಟಪ್ಪಣೆ ಇತ್ತು. ಒಂದು ದಿನ ಸಿಕ್ಕಿಬಿದ್ದೆ.

"ತುಟಿಗೆ ಬೂದಿ ಹತ್ತೈತಿ" ಅಂದಳು.

ನಾನು ತುಟಿ ನೆಕ್ಕಿಕೊಂಡೆ.

"ಹೆಂಗಿತ್ತು?"

"ಕಲ್ಲಿನ ಮ್ಯಾಲ ಸುಡತಾರ ಬೇ. ಗರಿಗರಿ ಇರತದ."

ಅವ್ವ ಸೆರಗಿನಿಂದ ನನ್ನ ಬಾಯಿ ಒರೆಸಿ, "ಮಠದವರ ಮುಂದ ಹೇಳಬ್ಯಾಡ" ಅಂದಳು.

ಬಿಸಿಲು ಬಿದ್ದ ದಿನ ಬಾಬಾ ತಮ್ಮ ಕುಲದ ಅಹವಾಲು ಕೊಡುತ್ತಿದ್ದರು. ಮಕ್ಕಳೆಲ್ಲ ಸುತ್ತ ಕೂಡಬೇಕು. "ನಾವು ಲಾಶಾರಿಗಳು" ಅಂತ ಶುರು, ಅದು ಅವರ ಕುಲದ ಹೆಸರು. ಹಲಬ್ ಅನ್ನುವ ಊರಿನಿಂದ ಹೊರಟದ್ದು, ಕಿರ್ಮಾನಿನ ಚಳಿ, ಮಕ್ರಾನಿನ ಖರ್ಜೂರ, ಒಂಟೆಮರಿಗಳನ್ನು ಕೊಂದದ್ದಕ್ಕೆ ದಾಯಾದಿ ಕುಲಗಳ ನಡುವೆ ಹೊತ್ತಿಕೊಂಡು ಒಂದು ತಲೆಮಾರನ್ನೇ ಸುಟ್ಟ ಯುದ್ಧ. "ಮರಿಗಳನ್ನು ಕೊಂದವರು ನಾವೇ" ಅನ್ನುತ್ತಿದ್ದರು. ತಪ್ಪು ತಮ್ಮವರದೇ ಅಂತ ಹೇಳುವಾಗಲೂ ದನಿ ತಗ್ಗುತ್ತಿರಲಿಲ್ಲ. ಸೋತು ಸಿಂಧಕ್ಕೆ ಇಳಿದದ್ದು, ಅಲ್ಲಿಂದ ಕಚ್ಛದ ಉಪ್ಪಿನ ಬಯಲು ದಾಟಿದ್ದು, ಕುದುರೆ ಮಾರುತ್ತ ಸಂತೆಯಿಂದ ಸಂತೆಗೆ ಪೂರ್ವಕ್ಕೆ ಬಂದದ್ದು. ಕಡೆಗೆ ಬಾಬಾನ ಅಜ್ಜ ತಂದ ಒಂದು ಕಪ್ಪು ಕುದುರೆಗೆ ಮನಸೋತ ಜಮೀನ್ದಾರರು, "ಇನ್ನು ಎಲ್ಲಿಗೂ ಹೋಗಬೇಡ, ಇಲ್ಲೇ ಇರು" ಅಂದದ್ದು. ಆ ಮಾತೊಂದೇ ಆ ನೆಲಕ್ಕೆ ಅವರಿಗಿದ್ದ ಹಕ್ಕು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಮನುಷ್ಯ ಬಂದ. ನಾನು ಅಲ್ಲೇ ಇದ್ದೆ. ಬೂದು ಸ್ವೆಟರು, ಒಳ್ಳೆಯ ಮಾತು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತ, ನೀರು ಕುಡಿದ. ಹಳೆಯ ಕೇರಿಗಳ ಬಗ್ಗೆ ತನಗೆ ಆಸಕ್ತಿ ಅಂದ. "ನೀವು ಎಲ್ಲಿಂದ ಬಂದವರು ಬಾಬಾ? ಮೊದಲಿನಿಂದ ಹೇಳಿ" ಅಂದ.

ಬಾಬಾನ ಮುಖ ಅರಳಿತು. ಹೊರಗಿನವರು ಹಾಗೆ ಕೇಳಿದ್ದೇ ಅಪರೂಪ. ಮಾಹನಾಜಳ ಅಪ್ಪ ಶಾಹದಾದ್ ಚಾಚಾ ಸಾಣೆಕಲ್ಲಿನ ಹತ್ತಿರದಿಂದ ಎದ್ದು ಬಂದು, "ಬಾಬಾ, ಚಹಾ ಆರುತ್ತೆ" ಅಂದರು. ಸ್ವಲ್ಪ ಹೊತ್ತಿಗೆ, "ಬಾಬಾ, ನಿಮ್ಮ ಔಷಧಿ ಹೊತ್ತಾಯಿತು" ಅಂದರು.

"ಮನೆಗೆ ಬಂದ ಮೇಹಮಾನ್ ಅಹವಾಲು ಕೇಳಿದ್ದಾನೆ" ಅಂದರು ಬಾಬಾ. "ನಡುವೆ ಮಾತಾಡಬೇಡ."

ಎಲ್ಲವನ್ನೂ ಹೇಳಿದರು. ಹಲಬ್, ಮಕ್ರಾನ್, ಸಿಂಧ. ಈಗ ಗಡಿಯ ಆಚೆ ಬಿದ್ದಿರುವ ಊರುಗಳ ಹೆಸರು. ಅಲ್ಲಿ ತಮ್ಮ ಕುಲದವರು ಇನ್ನೂ ಇರಬೇಕು ಅಂತ. ಈ ನೆಲಕ್ಕೆ ಕಾಗದ ಇಲ್ಲ, ಕೊಟ್ಟವರ ಮಾತಿದೆ ಅಂತ. ಆ ಮನುಷ್ಯ ತಲೆ ಆಡಿಸುತ್ತ ಕೇಳಿದ. ಮುಗಿಯಿತು. ಬಾಬಾ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, "ಈಗ ನಿನ್ನದು ಕೊಡು" ಅಂದರು.

"ನನ್ನದೇನಿದೆ ಬಾಬಾ" ಅಂದು ಅವನು ಎದ್ದು ಚಪ್ಪಲಿ ಹಾಕಿಕೊಂಡು ಹೋದ.

ಅವನು ಹೋದ ಮೇಲೂ ಬಾಬಾ ಹಾಗೇ ಕೂತಿದ್ದರು. "ಪಡೆದುಕೊಂಡ, ಕೊಡಲಿಲ್ಲ" ಅಂದರು. ಮಾಹನಾಜ್ ನನ್ನ ಕಿವಿಯಲ್ಲಿ "ಕತ್ತೆ" ಅಂದಳು. ಇಬ್ಬರೂ ನಕ್ಕೆವು. ಶಾಹದಾದ್ ಚಾಚಾ ನಗಲಿಲ್ಲ. ಅವರಿಗೆ ಸುದ್ದಿ ಮುಟ್ಟಿತ್ತು: ಜಮೀನ್ದಾರರ ಮೊಮ್ಮಕ್ಕಳು ಜಾಗ ಮಾರುತ್ತಿದ್ದಾರೆ, ಕೊಳ್ಳುವವರು ಯಾತ್ರಿಕರಿಗೆ ಲಾಡ್ಜ್ ಕಟ್ಟುತ್ತಾರೆ, ಖಾಲಿ ಜಾಗವಾದರೆ ಮಾತ್ರ ವ್ಯವಹಾರ. ಬಂದವನು ಕೊಳ್ಳುವವರ ಕಡೆಯವನು.

ಮಾತು ಬೇಗ ಹರಡಿತು. ಮೂಲೆಯ ಚಹಾದ ಅಂಗಡಿಯಲ್ಲಿ ಘೋಡಾ ಅಹಾತಾ ಅನ್ನುವುದನ್ನು ಬಿಟ್ಟು ಪಾಕಿಸ್ತಾನಿ ಅಹಾತಾ ಅನ್ನತೊಡಗಿದರು. ತಲೆಮಾರುಗಳಿಂದ ಚಾಕು ಕೊಡುತ್ತಿದ್ದ ಮನೆಗಳು ಬಾಗಿಲು ತೆರೆಯಲಿಲ್ಲ. ಘಾಟಿನ ಮೆಟ್ಟಿಲ ಮೇಲೆ ಹರವಿದ್ದ ಕನ್ನಡಕಗಳನ್ನು ಯಾರೋ ಒದ್ದು ಹೊಳೆಗೆ ಬೀಳಿಸಿದರು. ಹುಡುಗರು ಗೋಡೆಯ ಮೇಲಿಂದ ಕಲ್ಲು ಎಸೆದರು. ಒಂದು ಕಲ್ಲು ಮಾಹನಾಜಳ ತಮ್ಮನಿಗೆ, ಇನ್ನೂ ಮಾತು ಬಾರದ ಕೂಸಿಗೆ, ಹುಬ್ಬಿನ ಮೇಲೆ ಬಡಿಯಿತು.

ಅವ್ವ ನನ್ನನ್ನು ತಡೆದಳು. "ಇನ್ನ ಅಲ್ಲಿ ಹೋಗಬ್ಯಾಡ."

"ನಾವೂ ಇಲ್ಲಿ ಹೊರಗಿನವರ ಅದೀವಲ್ಲ" ಅಂದ ಅಪ್ಪ.

"ನಮ್ಮ ಬೆನ್ನಿಗೆ ಮಠ ಐತಿ. ಅವರ ಬೆನ್ನಿಗೆ ಏನೈತಿ?"

ಆದರೂ ಅಪ್ಪ ಹೋದ, ನನ್ನನ್ನೂ ಕರೆದುಕೊಂಡೇ ಹೋದ. ಕಚೇರಿಯಿಂದ ಸಾಹೇಬರೊಬ್ಬರು ವಿಚಾರಣೆಗೆ ಬರುವವರಿದ್ದರು. ಗಡಿಯಾಚೆಯಿಂದ ಬಂದವರು ಜಾಗ ಹಿಡಿದಿದ್ದಾರೆ ಅಂತ ದೂರು ಹೋಗಿತ್ತು. ಶಾಹದಾದ್ ಚಾಚಾ ಬಾಬಾನ ಚಾರಪಾಯಿಯ ಪಕ್ಕ ನೆಲದ ಮೇಲೆ ಕೂತಿದ್ದರು.

"ಇಲ್ಲೇ ಹುಟ್ಟಿದ್ದು ಅನ್ನಿ, ಸಾಕು" ಅಂದರು ಚಾಚಾ.

"ಇಲ್ಲೇ ಹುಟ್ಟಿದ್ದು. ಅದು ನಿಜ" ಅಂದರು ಬಾಬಾ. "ಅದಕ್ಕೂ ಮುಂಚೆ ಎಲ್ಲಿ ಅಂತ ಕೇಳಿದರೆ?"

"ಗಾಜೀಪುರ."

"ಅದಕ್ಕೂ ಮುಂಚೆ?"

"ಮೊದಲಿನಿಂದಲೂ ಗಾಜೀಪುರ."

ಗಾಜೀಪುರ ಅಂದರೆ ಕಾಶಿಯ ಪಕ್ಕದ ಜಿಲ್ಲೆ. ಬಾಬಾ ಅಪ್ಪನ ಕಡೆ ನೋಡಿದರು. ಅಪ್ಪ ತನ್ನ ಮುರುಕು ಹಿಂದಿಯಲ್ಲಿ, "ಒಂದು ಸಲ ಹೇಳಿಬಿಡಿ ಬಾಬಾ. ಮಕ್ಕಳಿದ್ದಾವೆ" ಅಂದ.

"ನಮ್ಮಲ್ಲಿ ಬಡವರಿದ್ದರು, ಕಳ್ಳರೂ ಇದ್ದರು. ಸುಳ್ಳು ಅಹವಾಲು ಕೊಟ್ಟವನೊಬ್ಬ ಇದ್ದ. ಅವನ ಹೆಸರನ್ನು ನಮಗೆ ಹೇಳಿಕೊಡಲಿಲ್ಲ" ಅಂದರು ಬಾಬಾ.

ಆಗ ಮಾಹನಾಜ್ ಅವರ ಶಾಲು ಹಿಡಿದುಕೊಂಡಳು. ಕುಟುಕುವ ಹುಡುಗಿಯ ದನಿ ಅವತ್ತು ಬೇರೆಯೇ ಆಗಿತ್ತು. "ಗಾಜೀಪುರ ಅನ್ನು ಬಾಬಾ. ನಾನು ಇಲ್ಲಿಂದ ಎಲ್ಲಿಗೂ ಹೋಗಲ್ಲ."

ಮುದುಕರು ಅವಳ ತಲೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಸಾಹೇಬರು ಬಂದ ದಿನ ಬಾಬಾ ಒಗೆದ ಪೇಟ ಸುತ್ತಿಕೊಂಡಿದ್ದರು. ಹೆಂಗಸರು ಪರದೆಯ ಹಿಂದೆ, ಗಂಡಸರು ಗೋಡೆಗೆ ಒರಗಿ. ಅಪ್ಪ ಮಠದ ಕೆಲಸ ಬಿಟ್ಟು ಬಂದಿದ್ದ. ಕುರ್ಚಿ ಹಾಕಿದರು. ನೀರು ಕೊಟ್ಟರು, ಸಾಹೇಬರು ಮುಟ್ಟಲಿಲ್ಲ.

"ಎಲ್ಲಿಯವರು ನೀವು?"

"ಇಲ್ಲಿಯವರು" ಅಂದರು ಬಾಬಾ.

"ಅದಕ್ಕೆ ಮೊದಲು?"

"ಗಾಜೀಪುರ."

"ಅದಕ್ಕೂ ಮೊದಲು?"

ಬಾಬಾ ಪೇಟದ ಅಂಚು ಮುಟ್ಟಿಕೊಂಡರು. "ಮೊದಲಿನಿಂದಲೂ ಗಾಜೀಪುರ. ಬೇರೆ ಊರು ನಮಗೆ ಗೊತ್ತಿಲ್ಲ."

ಸಾಹೇಬರ ಹಿಂದಿನಿಂದ ಆ ಬೂದು ಸ್ವೆಟರಿನ ಮನುಷ್ಯ ಮುಂದೆ ಬಂದ. ಅವನು ಜೊತೆಗೇ ಬಂದಿದ್ದನ್ನು ನಾವ್ಯಾರೂ ಗಮನಿಸಿರಲಿಲ್ಲ. "ಬಾಬಾ, ನನ್ನ ಮುಂದೆ ಬೇರೆ ಹೇಳಿದ್ದಿರಿ" ಅಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. ಮಕ್ರಾನ್ ಅಂದ, ಸಿಂಧ ಅಂದ. ಬಾಬಾ ಹೇಳಿದ್ದ ಅನುಕ್ರಮದಲ್ಲೇ, ಒಂದು ಊರನ್ನೂ ಬಿಡದೆ ಹೇಳಿದ. ಆ ಹೆಸರುಗಳನ್ನು ಅವನ ಬಾಯಲ್ಲಿ ಕೇಳುವುದು, ಸತ್ತವರ ಬಟ್ಟೆಯನ್ನು ಬೇರೆ ಯಾರೋ ಉಟ್ಟುಕೊಂಡು ಬಂದದ್ದನ್ನು ನೋಡಿದ ಹಾಗಿತ್ತು.

"ಎರಡರಲ್ಲಿ ಯಾವುದು ಸುಳ್ಳು?" ಸಾಹೇಬರು ಕೇಳಿದರು.

ಶಾಹದಾದ್ ಚಾಚಾ, "ಸಾಬ್, ವಯಸ್ಸಾಗಿದೆ, ನೆನಪು ಹೋಗಿದೆ, ಏನೇನೋ ಹೇಳುತ್ತಾರೆ" ಅಂದರು.

"ನೆನಪು ಹೋಗಿಲ್ಲ" ಅಂದರು ಬಾಬಾ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅವನ ಮುಂದೆ ಹೇಳಿದ್ದು ನಿಜ. ಈಗ ಹೇಳಿದ್ದು ಸುಳ್ಳು. ರೂಢಿ ಇಲ್ಲ, ಸಾಬ್. ಅದಕ್ಕೇ ಸರಿಯಾಗಿ ಬರಲಿಲ್ಲ."

ಸಾಹೇಬರ ಜೊತೆ ಬಂದಿದ್ದವರು ನಕ್ಕರು. ಸಾಹೇಬರೂ ನಕ್ಕರು. ನಮ್ಮ ಕಡೆಯ ಗಂಡಸರು ಯಾರೂ ತಲೆ ಎತ್ತಲಿಲ್ಲ. ಪರದೆಯ ಹಿಂದೆ ಒಂದು ಕೂಸು ಅಳುತ್ತಿತ್ತು, ಅದನ್ನು ಯಾರೂ ಸುಮ್ಮನಾಗಿಸಲಿಲ್ಲ.

ಹೋಳಿ ಹಬ್ಬಕ್ಕೆ ಮುಂಚೆಯೇ ಕೆಡವುವ ಯಂತ್ರ ಬಂತು. ಹಾಡಹಗಲು. ಕಮಾನುಗಳು ಗಟ್ಟಿಮುಟ್ಟಾಗಿದ್ದವು, ಒಂದೊಂದಕ್ಕೂ ಎರಡೆರಡು ಸಲ ಗುದ್ದಬೇಕಾಯಿತು. ಹಳೆಯ ಇಟ್ಟಿಗೆಯ ಧೂಳು ರಸ್ತೆಯ ತನಕ ಹರಡಿ, ಸೀನುತ್ತ ನಿಂತು ನೋಡುವ ಜನ ಸೇರಿದರು. ಹೆಂಗಸರು ಹಾಸಿಗೆ, ಪಾತ್ರೆ ಹೊತ್ತು ಹೊರಗೆ ತಂದರು. ಮಾಹನಾಜ್ ತಮ್ಮನನ್ನು ಸೊಂಟದ ಮೇಲೆ ಕೂಡಿಸಿಕೊಂಡು ರಸ್ತೆಯ ಆಚೆ ನಿಂತಿದ್ದಳು. ನಾನು ಹತ್ತಿರ ಹೋದೆ. ಅವಳು ಏನೂ ಕೇಳಲಿಲ್ಲ. ಕೂಸಿನ ಹುಬ್ಬಿನ ಮೇಲಿನ ಗಾಯ ಒಣಗಿ ಹಕ್ಕಳೆಗಟ್ಟಿತ್ತು.

ಸಂಸಾರಗಳು ಒಂದೊಂದು ದಿಕ್ಕಾದವು. ಕೆಲವರು ಹೊಳೆಯಾಚೆ, ಕೆಲವರು ಇಲಾಹಾಬಾದಿನ ಕಡೆ. ಶಾಹದಾದ್ ಚಾಚಾ ತಮ್ಮವರನ್ನು ಗಾಜೀಪುರಕ್ಕೇ ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಅಪ್ಪ ಅವರನ್ನು ಹುಡುಕಿಕೊಂಡು ಹೋಗಿ ಬಂದ. ಬಂದವನು ಊಟಕ್ಕೆ ಕೂಡಲಿಲ್ಲ.

"ಬಾಬಾ ಹೆಂಗದಾರ?" ಅವ್ವ ಕೇಳಿದಳು.

"ಅದಾರ. ಕುಂಡ್ರು ಅಂದ್ರು. ನೀರು ಕೊಟ್ರು." ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿದ. "ಅಹವಾಲು ಕೇಳಲಿಲ್ಲ. ನಾನ ಹೇಳಾಕ ಸುರು ಮಾಡಿದೆ. ಕೈ ಎತ್ತಿ ಸಾಕು ಅಂದ್ರು. ನನ್ನ ಮಾತಿಗೇ ಹಿಂಗಾತು ನೋಡ."

"ನೀ ಒಬ್ಬನ ಹೇಳಿದಿ ಏನು? ಎಲ್ಲಾರೂ ಹೇಳಿದ್ರು" ಅಂದಳು ಅವ್ವ.

"ಎಲ್ಲಾರನ್ನೂ ಬಿಟ್ಟು ಅವರು ನನ್ನ ಕಡೆ ನೋಡಿದ್ರು" ಅಂದ ಅಪ್ಪ.

ಮಳೆಗಾಲದ ಹೊತ್ತಿಗೆ ಬಾಬಾ ತೀರಿಕೊಂಡ ಸುದ್ದಿ ಬಂತು.

ಈಗ ಅಲ್ಲಿ ನಾಲ್ಕಂತಸ್ತಿನ ಲಾಡ್ಜ್ ಇದೆ. ನಮ್ಮ ಊರ ಕಡೆಯವರೂ ಇಳಿದುಕೊಳ್ಳುತ್ತಾರೆ. ಬಿಸಿನೀರು ಬರುತ್ತದೆ, ಸ್ವಚ್ಛವಾಗಿದೆ ಅಂತ ಹೊಗಳುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ಹೋದದ್ದು ಇಟ್ಟಿಗೆಯೊಂದೇ ಅಲ್ಲ. ಒಬ್ಬ ಮನುಷ್ಯ ಬಾಗಿಲಿಗೆ ಬಂದರೆ ಅವನನ್ನು ಕೂಡಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಳ್ಳುವ ಜಾಗ ಆ ಊರಿನಲ್ಲಿ ಅದೊಂದೇ ಇತ್ತು. ಹೇಳಿದರೆ ನಮಗೆ ಕೇಡಾಗುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತಿದ್ದ ಜಾಗ.

ಅಪ್ಪ ಈಗಲೂ ಕಾಶಿಯಲ್ಲೇ. ಹೋದ ಚಳಿಗಾಲ ಮಂಡಿನೋವಿಗೆಂದು ಅವನನ್ನು ಭೇಲೂಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಒಳಗಿದ್ದ. ಹೊರಗಿನ ಬೆಂಚಿನಲ್ಲಿ ನನ್ನ ಎದುರಿಗೇ ಮಾಹನಾಜ್ ಕೂತಿದ್ದಳು. ಆ ಮೂಗು ನೋಡಿ ಗುರುತು ಹಿಡಿದೆ. ಅವಳೂ ಹಿಡಿದಳು. ಮದುವೆ, ಮಕ್ಕಳು, ಕಾಶಿಯಲ್ಲೇ ಇರುವ ಗಂಡನ ಮೊಬೈಲ್ ರಿಪೇರಿ ಅಂಗಡಿ ಅಂತ ಒಂದೆರಡು ಮಾತಾಡಿದೆವು. ಪಕ್ಕದಲ್ಲಿ ಅವಳ ಮಗಳು, ಆ ಚಳಿಗಾಲದಲ್ಲಿ ನಾವಿದ್ದಷ್ಟೇ ವಯಸ್ಸು. ನಾನು ಮೆತ್ತಗೆ, "ಮಗಳಿಗೆ ಬಾಬಾನ ಕತೆ ಹೇಳಿದ್ದೀಯಾ? ಹಲಬಿನದು?" ಅಂದೆ.

ಮಾಹನಾಜ್ ಸುತ್ತ ಕೂತವರನ್ನೊಮ್ಮೆ ನೋಡಿದಳು. "ನಾವು ಗಾಜೀಪುರದವರು, ನೀಲಾ" ಅಂದಳು. "ಮೊದಲಿನಿಂದಲೂ."

ತಡವರಿಸದೆ, ನೀಟಾಗಿ ಹೇಳಿದಳು.

ಹುಡುಗಿ ನನ್ನ ಕಡೆ ತಿರುಗಿ, "ನೀವು ಎಲ್ಲಿಯವರು ಆಂಟಿ?" ಅಂದಳು.

ನಾನು ಹೇಳಿದೆ. ವಿಜಯಪುರ ಅಂದೆ, ಡೋಣಿ ಹೊಳೆಯ ದಂಡೆಯ ಕರಿ ಎರೆ ಭೂಮಿ ಅಂದೆ, ಅಲ್ಲಿ ನನ್ನ ಅಜ್ಜ ಬೇರೆಯವರ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದ ಅಂದೆ, ಅಪ್ಪ ಯಾಕೆ ಊರು ಬಿಟ್ಟ, ಯಾವ ರೈಲು ಹತ್ತಿದ, ಮಠದ ಬಾಗಿಲಲ್ಲಿ ಯಾರು ಮೊದಲು ಮಾತಾಡಿಸಿದರು ಎಲ್ಲ ಹೇಳಿದೆ. ಬೆಂಚಿನ ಮೇಲಿದ್ದ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ. ನನ್ನದನ್ನು ಹೇಳಿಕೊಳ್ಳಲು ಆ ಊರಿನಲ್ಲಿ ನನಗೆ ಯಾವ ಭಯವೂ ಇರಲಿಲ್ಲ. ಹೇಳುತ್ತ ಹೇಳುತ್ತ ಅದೇ ನನಗೆ ನಾಚಿಕೆಯಾಗಿ ದನಿ ಸಣ್ಣದಾಯಿತು. ಹುಡುಗಿ ಬಾಯಿ ತೆರೆದು ಕೇಳುತ್ತಿದ್ದಳು.

ಮುಗಿಸಿ ಮಾಹನಾಜಳ ಮುಖ ನೋಡಿದೆ. ಅವಳಿಗೂ ಗೊತ್ತಿತ್ತು, ಇನ್ನು ಅವಳ ಸರದಿ. ಅವಳ ತುಟಿ ಅಲುಗಿದ ಹಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು, ಅವಳದ್ದಲ್ಲ, ಬೇರೆ ಯಾರದೋ. ಆದರೂ ಅವಳು ಎದ್ದು ಮಗಳ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.